ಮೂವತ್ತು ವರ್ಷ ಕಪಾಟಿನಲ್ಲಿದ್ದ ಬಿಬಿಸಿ ಮೈಕ್ರೋ: ಮೊದಲ ಸಲ ಚಾಲು ಮಾಡುವ ಮುನ್ನ

ಮಾಳಮಡ್ಡಿ ಮಾಸ್ತರ, ಧಾರವಾಡ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದ ಒಂದು ಪ್ರೌಢಶಾಲೆಯಲ್ಲಿ ಭೌತಶಾಸ್ತ್ರ ಕಲಿಸಿ ನಿವೃತ್ತನಾದವನು. ಶಾಲಾ ಮಕ್ಕಳಿಗೆ ಕಂಪ್ಯೂಟರಿನ ಪರಿಚಯ ಮಾಡಿಕೊಡಲೆಂದು ಕೇಂದ್ರ ಸರ್ಕಾರ 1984-85ರಲ್ಲಿ ‘ಕ್ಲಾಸ್’ ಎಂಬ ಯೋಜನೆಯನ್ನು ಆರಂಭಿಸಿತ್ತು. ಅದಕ್ಕೆ ಆಯ್ಕೆಯಾದದ್ದು ಇಂಗ್ಲೆಂಡಿನ ಏಕಾರ್ನ್ ಕಂಪನಿ ರೂಪಿಸಿದ ಬಿಬಿಸಿ ಮೈಕ್ರೋ ಯಂತ್ರ. ಕೆಲವು ವರ್ಷಗಳ ನಂತರ ನಮ್ಮ ಶಾಲೆಗೂ ಅಂಥ ಎರಡು ಯಂತ್ರಗಳು ಬಂದವು, ಅವುಗಳ ಮುಂದೆ ಮಕ್ಕಳನ್ನು ಸರದಿಯಲ್ಲಿ ಕೂರಿಸಿ ಬೇಸಿಕ್ ಎಂಬ ಪ್ರೋಗ್ರಾಮಿಂಗ್ ಭಾಷೆ ಕಲಿಸುವ ಕೆಲಸ ನನ್ನ ಪಾಲಿಗೆ ಬಂತು. ಆಮೇಲೆ ಹೊಸ ಯಂತ್ರಗಳು ಬಂದಂತೆ ಇವು ಕಪಾಟು ಸೇರಿದವು. ಕಳೆದ ತಿಂಗಳು ಶಾಲೆಯ ಹಳೆಯ ಸಾಮಾನುಗಳ ಹರಾಜಿನಲ್ಲಿ ಅವುಗಳಲ್ಲಿ ಒಂದು ಕಣ್ಣಿಗೆ ಬಿತ್ತು. ಕೊಂಡು ಮನೆಗೆ ತಂದಿದ್ದೇನೆ.

ಮೇಲಿನ ಧೂಳು ಒರೆಸಿದ್ದೇನೆ. ಕೀಲಿಗಳೆಲ್ಲ ಇವೆ, ಮೇಲಿನ ಸಾಲಿನ ಹತ್ತು ಕೆಂಪು ಕೀಲಿಗಳೂ ಕೆಡದೆ ಉಳಿದಿವೆ. ಕನಿಷ್ಠ ಮೂವತ್ತು ವರ್ಷ ಇದಕ್ಕೆ ಕರೆಂಟು ತಾಗಿಲ್ಲ. ಪ್ಲಗ್ ಹಾಕಿ ಸ್ವಿಚ್ ಒತ್ತಿಬಿಡೋಣವೆಂದು ಮೊಮ್ಮಗ ದಿನಾಲು ಕೇಳುತ್ತಿದ್ದಾನೆ, ನನಗೆ ಕೈ ಏಳುತ್ತಿಲ್ಲ. ಬಲ್ಲವರು ಯಾವ ಕ್ರಮದಲ್ಲಿ ಮುಂದುವರಿಯಬೇಕೆಂದು ತಿಳಿಸಿದರೆ ಉಪಕಾರವಾಗುತ್ತದೆ.

ಬೆಸುಗೆ ಕಡ್ಡಿ, ಹುಬ್ಬಳ್ಳಿ

ಮಾಸ್ತರರೇ, ಸ್ವಿಚ್ ಒತ್ತದೆ ಇದ್ದದ್ದು ಬಹಳ ಒಳ್ಳೆಯದಾಯಿತು. ಇನ್ನೂ ಕೆಲವು ದಿನ ಒತ್ತಬೇಡಿ.

ನಿಮ್ಮ ಯಂತ್ರದ ಎಡಭಾಗದಲ್ಲಿ ಲೋಹದ ಪೆಟ್ಟಿಗೆಯೊಂದರೊಳಗೆ ವಿದ್ಯುತ್ ಸರಬರಾಜಿನ ಭಾಗವಿರುತ್ತದೆ. ಈ ಮಾದರಿಯ ಬಹುಪಾಲು ಯಂತ್ರಗಳಲ್ಲಿ ಅದು ಎಸ್‌ಎಂಪಿಎಸ್, ಅಂದರೆ ಕರೆಂಟನ್ನು ಅತಿ ವೇಗವಾಗಿ ಕಡಿದು ಜೋಡಿಸುತ್ತ ಬೇಕಾದ ವೋಲ್ಟೇಜಿಗೆ ಇಳಿಸುವ ಬಗೆಯದು. ಗೋಡೆಯಿಂದ ಬರುವ ಕರೆಂಟು ಒಳಗೆ ಕಾಲಿಡುವ ಜಾಗದಲ್ಲಿಯೇ, ವಿದ್ಯುತ್ತಿನ ಗದ್ದಲ (ನಾಯ್ಸ್) ಸೋಸುವುದಕ್ಕೆಂದು, ಲೈನಿಗೂ ನ್ಯೂಟ್ರಲ್ಲಿಗೂ ನಡುವೆ ಎರಡು ಸಣ್ಣ ಕೆಪಾಸಿಟರುಗಳನ್ನು ಕೂರಿಸಿರುತ್ತಾರೆ. ನೋಡಲು ಹಳದಿ ಛಾಯೆಯ ಪಾರದರ್ಶಕ ಗಟ್ಟಿಗಳಂತೆ ಕಾಣುತ್ತವೆ. ಒಳಗಿರುವುದು ಲೋಹ ಲೇಪಿಸಿದ ಕಾಗದ. ವರ್ಷಗಳು ಕಳೆದಂತೆ ಹೊರಗಿನ ಹೊದಿಕೆಯಲ್ಲಿ ಕೂದಲೆಳೆಯಂಥ ಬಿರುಕುಗಳು ಮೂಡುತ್ತವೆ, ಆ ಬಿರುಕಿನಿಂದ ಗಾಳಿಯ ತೇವ ಒಳಗಿಳಿದು ಕಾಗದಕ್ಕೆ ಸೇರುತ್ತದೆ. ಜೂನ್ ತಿಂಗಳಿಂದ ಸೆಪ್ಟೆಂಬರ್‌ವರೆಗೆ ಧಾರವಾಡದಲ್ಲಿ ಹಿಡಿಯುವ ಜಿಟಿಜಿಟಿ ಮಳೆಯನ್ನು ನೆನೆಸಿಕೊಳ್ಳಿ. ಮೂವತ್ತು ಮಳೆಗಾಲಗಳ ತೇವವನ್ನು ಆ ಕಾಗದ ಕುಡಿದಿದೆ. ಅದಕ್ಕೆ ಏಕಾಏಕಿ 230 ವೋಲ್ಟ್ ತಾಗಿದರೆ ಕೆಲವು ನಿಮಿಷಗಳಲ್ಲಿ, ಕೆಲವೊಮ್ಮೆ ಅರ್ಧ ಗಂಟೆಯ ನಂತರ, ಅದು ಒಡೆದು ದಟ್ಟ ಹೊಗೆ ಕಾರುತ್ತದೆ. ಯಂತ್ರದ ಉಳಿದ ಭಾಗಕ್ಕೆ ಸಾಮಾನ್ಯವಾಗಿ ಹಾನಿಯಾಗುವುದಿಲ್ಲ, ಆದರೆ ಆ ವಾಸನೆ ಮನೆಯಿಂದ ಹೋಗಲು ಎರಡು ದಿನ ಬೇಕು, ಪಕ್ಕದಲ್ಲಿ ಮಗು ಕುಳಿತಿದ್ದರೆ ಹೆದರಿಬಿಡುತ್ತದೆ.

ಆದ್ದರಿಂದ ಮೊದಲ ಕೆಲಸ, ತೆರೆದು ನೋಡುವುದು. ಯಂತ್ರದ ಹಿಂಭಾಗದಲ್ಲಿ ಎರಡು, ತಳದಲ್ಲಿ ಎರಡು ಸ್ಕ್ರೂಗಳಿವೆ. ಅವುಗಳ ಪಕ್ಕದಲ್ಲಿ ‘ಫಿಕ್ಸ್’ ಎಂದು ಇಂಗ್ಲಿಷಿನಲ್ಲಿ ಬರೆದಿರುತ್ತದೆ. ಆ ನಾಲ್ಕನ್ನು ಮಾತ್ರ ಬಿಚ್ಚಿದರೆ ಮೇಲಿನ ಮುಚ್ಚಳ ಎದ್ದುಬರುತ್ತದೆ. ಸರಬರಾಜಿನ ಪೆಟ್ಟಿಗೆಯಿಂದ ಮುಖ್ಯ ಬೋರ್ಡಿಗೆ ಕೆಂಪು, ಕಪ್ಪು ಮತ್ತು ನೇರಳೆ ಬಣ್ಣದ ತಂತಿಗಳು ಹೋಗುತ್ತವೆ: ಕೆಂಪಿನಲ್ಲಿ +5 ವೋಲ್ಟ್, ಕಪ್ಪಿನಲ್ಲಿ ಸೊನ್ನೆ, ನೇರಳೆಯಲ್ಲಿ −5 ವೋಲ್ಟ್. ಬಿಚ್ಚುವ ಮುಂಚೆ ಮೊಬೈಲಿನಲ್ಲಿ ನಾಲ್ಕು ದಿಕ್ಕಿನಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಮರಳಿ ಜೋಡಿಸುವಾಗ ಒಂದು ತಂತಿ ಅದಲುಬದಲಾದರೂ ಬೋರ್ಡಿನ ಐಸಿಗಳು (ಚಿಪ್ಪುಗಳು) ಉಳಿಯುವುದಿಲ್ಲ, ಮತ್ತು ಅವುಗಳಲ್ಲಿ ಕೆಲವು ಈಗ ಹೊಸದಾಗಿ ಎಲ್ಲಿಯೂ ತಯಾರಾಗುವುದಿಲ್ಲ.

ವಾಲ್ವ್ ರೇಡಿಯೋ, ಗದಗ

ನಾನು ನಲವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವನು. ಬಹುಕಾಲ ಸುಮ್ಮನಿದ್ದ ವಾಲ್ವ್ ಸೆಟ್ಟನ್ನು ನಾವು ಎಂದೂ ಒಮ್ಮೆಲೇ ಪೂರ್ತಿ ವೋಲ್ಟೇಜಿಗೆ ಒಡ್ಡುತ್ತಿರಲಿಲ್ಲ. ವೋಲ್ಟೇಜನ್ನು ಬೇಕಾದಷ್ಟಕ್ಕೆ ತಿರುಗಿಸಿಕೊಳ್ಳುವ ಡಿಮ್ಮರ್‌ಸ್ಟ್ಯಾಟ್ ಮೂಲಕ 50 ವೋಲ್ಟಿನಿಂದ ಆರಂಭಿಸಿ ಗಂಟೆಗಟ್ಟಲೆ ಮೆಲ್ಲಗೆ ಏರಿಸುತ್ತ ಹೋಗುತ್ತಿದ್ದೆವು. ಹಾಗೆ ಮಾಡಿದರೆ ಫಿಲ್ಟರ್ ಕಂಡೆನ್ಸರುಗಳ (ಕೆಪಾಸಿಟರಿಗೆ ನಮ್ಮ ಹಳೆಯ ಹೆಸರು) ಒಳಪದರ ಪುನಃ ಕಟ್ಟಿಕೊಳ್ಳುತ್ತದೆ. ಮಾಸ್ತರರೂ ಅದೇ ದಾರಿ ಹಿಡಿಯಲಿ, ಕಂಡೆನ್ಸರ್ ಕಿತ್ತುಹಾಕುವ ಅವಸರ ಏಕೆ? ಮೂಲದ ಸಾಮಾನು ಯಂತ್ರದಲ್ಲಿಯೇ ಉಳಿದರೆ ಅದರ ಬೆಲೆ ಬೇರೆ.

ಬೆಸುಗೆ ಕಡ್ಡಿ, ಹುಬ್ಬಳ್ಳಿ

ಹಿರಿಯರೇ, ನಿಮ್ಮ ಅನುಭವಕ್ಕೆ ತಲೆಬಾಗುತ್ತೇನೆ, ವಾಲ್ವ್ ಸೆಟ್ಟಿಗೆ ಆ ಕ್ರಮವೇ ಸರಿ. ಆದರೆ ಇಲ್ಲಿ ಎರಡು ಕಾರಣಗಳಿಗಾಗಿ ನಾನು ಒಪ್ಪಲಾರೆ.

ಮೊದಲನೆಯದು, ಎಸ್‌ಎಂಪಿಎಸ್ಸಿನ ಸ್ವಭಾವ. ಟ್ರಾನ್ಸ್‌ಫಾರ್ಮರಿನ ಸೆಟ್ಟಿಗೆ ಕಡಿಮೆ ವೋಲ್ಟೇಜ್ ಕೊಟ್ಟರೆ ಅದು ಕಡಿಮೆ ಕರೆಂಟ್ ಎಳೆಯುತ್ತದೆ. ಎಸ್‌ಎಂಪಿಎಸ್ ಹಾಗಲ್ಲ, ಹೊರಗೆ 5 ವೋಲ್ಟ್ ಕೊಡಲೇಬೇಕೆಂದು ಅದರೊಳಗಿನ ವ್ಯವಸ್ಥೆ ಹಟ ಹಿಡಿಯುವುದರಿಂದ, ಒಳಬರುವ ವೋಲ್ಟೇಜ್ ತಗ್ಗಿದಷ್ಟೂ ಹೆಚ್ಚು ಕರೆಂಟ್ ಎಳೆಯುತ್ತದೆ. 80 ಅಥವಾ 100 ವೋಲ್ಟಿನಲ್ಲಿ ಗಂಟೆಗಟ್ಟಲೆ ಇಟ್ಟರೆ ಒಳಗಿನ ಸ್ವಿಚಿಂಗ್ ಟ್ರಾನ್ಸಿಸ್ಟರಿಗೆ ಅನವಶ್ಯಕ ಶ್ರಮ. ಎರಡನೆಯದು, ಮೆಲ್ಲಗೆ ಏರಿಸಿ ಒಳಪದರ ಕಟ್ಟುವುದು ನಿಮ್ಮ ಫಿಲ್ಟರ್ ಕಂಡೆನ್ಸರುಗಳಂಥ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳ ಗುಣ. ಬಿರುಕು ಬಿಟ್ಟ ಕಾಗದದ ಕೆಪಾಸಿಟರಿಗೆ ಅಂಥ ಗುಣವಿಲ್ಲ. ನೀರು ಕುಡಿದ ಕಾಗದವನ್ನು ಎಷ್ಟು ನಯವಾಗಿ ನಡೆಸಿಕೊಂಡರೂ ಅದು ನೀರು ಕುಡಿದ ಕಾಗದವೇ. ಮೂಲದ ಸಾಮಾನನ್ನು ಒಂದು ಡಬ್ಬಿಯಲ್ಲಿ ಹಾಕಿ ಯಂತ್ರದ ಜೊತೆಗೆ ಇಡಲಿ, ಮೇನ್ಸ್ ಲೈನಿನಲ್ಲಿ ಮಾತ್ರ ಬಿಡಬಾರದು.

ಬದಲಿಗೆ ಹಾಕುವುದು ಎಕ್ಸ್2 ಎಂದು ಗುರುತಿರುವ, 275 ವೋಲ್ಟ್ ಎಸಿಗೆ ತಕ್ಕ, ಪಾಲಿಪ್ರೊಪಿಲೀನ್ ಕೆಪಾಸಿಟರೇ ಆಗಿರಬೇಕು. ಅಂಗಡಿಯವರು 400 ವೋಲ್ಟಿನ ಸಾಮಾನ್ಯ ಕೆಪಾಸಿಟರನ್ನು ‘ಇದೂ ನಡೆಯುತ್ತದೆ’ ಎಂದು ಕೊಟ್ಟರೆ ತೆಗೆದುಕೊಳ್ಳಬೇಡಿ. ಎಕ್ಸ್2 ಜಾತಿಯದು ಕೆಟ್ಟರೂ ಬೆಂಕಿ ಹತ್ತದ ಹಾಗೆ ಕೆಡುವಂತೆ ರೂಪಿಸಿದ್ದು, ಸಾಮಾನ್ಯದಕ್ಕೆ ಆ ಭರವಸೆ ಇಲ್ಲ.

ವಾಲ್ವ್ ರೇಡಿಯೋ, ಗದಗ

ಕಡಿಮೆ ವೋಲ್ಟೇಜಿನಲ್ಲಿ ಹೆಚ್ಚು ಕರೆಂಟ್ ಎಳೆಯುವ ವಿಷಯ ಸರಿ. ಅದನ್ನು ನಾನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ, ನನ್ನ ಸಲಹೆಯನ್ನು ಹಿಂದಕ್ಕೆ ಪಡೆಯುತ್ತೇನೆ. ಆದರೆ ಸೀರೀಸ್ ಬೋರ್ಡನ್ನು ಮಾತ್ರ ಬಿಡಬೇಡಿ. ಹಳೆಯ ಫಿಲಮೆಂಟ್ ಬಲ್ಬನ್ನು, 100 ವ್ಯಾಟಿನದು ಸಿಕ್ಕರೆ ಒಳ್ಳೆಯದು, ಲೈನಿನಲ್ಲಿ ಸೀರೀಸಿಗೆ ಹಾಕಿ ಆಮೇಲೆ ಪೆಟ್ಟಿಗೆಗೆ ಕರೆಂಟು ಕೊಡಿ. ಬಲ್ಬು ಒಮ್ಮೆ ಮಿಂಚಿ ಮಂದವಾದರೆ ಒಳಗೆ ಶಾರ್ಟ್ ಇಲ್ಲ. ಪೂರ್ತಿ ಬೆಳಕಿನಲ್ಲಿ ಉರಿಯುತ್ತಲೇ ಇದ್ದರೆ ತಕ್ಷಣ ತೆಗೆಯಿರಿ. ಬಲ್ಬು ತಾನು ಉರಿದು ನಿಮ್ಮ ಯಂತ್ರವನ್ನು ಉಳಿಸಿರುತ್ತದೆ.

ಇನ್ನೊಂದು ಮಾತು. ಪ್ಲಗ್ ತೆಗೆದ ಮೇಲೂ ಆ ಪೆಟ್ಟಿಗೆಯ ದೊಡ್ಡ ಕಂಡೆನ್ಸರಿನಲ್ಲಿ 320 ವೋಲ್ಟಿನಷ್ಟು ಡಿಸಿ ನಿಂತಿರಬಹುದು. ಮೀಟರಿನಿಂದ ಅಳೆದು, ಇಳಿದಿದೆ ಎಂದು ಖಾತ್ರಿಯಾದ ಮೇಲೆಯೇ ಕೈ ಹಾಕಬೇಕು. ಮಾಸ್ತರರಿಗೆ ಬೆಸುಗೆ ಕೆಲಸದ ರೂಢಿ ಇಲ್ಲದಿದ್ದರೆ ಈ ಒಂದು ಭಾಗವನ್ನು ಬಲ್ಲವರ ಕೈಯಿಂದ ಮಾಡಿಸಲಿ.

ಮಾಳಮಡ್ಡಿ ಮಾಸ್ತರ, ಧಾರವಾಡ

ಇಬ್ಬರಿಗೂ ಕೃತಜ್ಞತೆಗಳು. ತೆರೆದು ನೋಡಿದೆ. ಎರಡು ಕೆಪಾಸಿಟರುಗಳ ಪೈಕಿ ದೊಡ್ಡದರ ಮೈತುಂಬ ಬಿರುಕುಗಳಿವೆ, ಬೇಸಿಗೆಯಲ್ಲಿ ಒಣಗಿದ ಎರೆಭೂಮಿಯ ಹಾಗೆ. ಕರೆಂಟು ಕೊಡುವ ಮೊದಲೇ ಅದು ಕಂಡದ್ದು ಪುಣ್ಯ. ಬೆಸುಗೆ ಬಲ್ಲ ಗೆಳೆಯರೊಬ್ಬರು ಹುಬ್ಬಳ್ಳಿಯ ಕೊಪ್ಪಿಕರ್ ರಸ್ತೆಯ ಕಡೆಯಿಂದ ಎಕ್ಸ್2 ಕೆಪಾಸಿಟರುಗಳನ್ನು ತಂದು ಎರಡನ್ನೂ ಬದಲಿಸಿಕೊಟ್ಟರು.

ಆ ನಂತರ ಪೆಟ್ಟಿಗೆಯನ್ನು ಬೋರ್ಡಿಗೆ ಜೋಡಿಸದೆ ಪ್ರತ್ಯೇಕವಾಗಿಯೇ ಪರೀಕ್ಷಿಸಿದೆವು. ಹೊರೆಯಿಲ್ಲದೆ ಎಸ್‌ಎಂಪಿಎಸ್ ಸರಿಯಾಗಿ ಓಡಲಾರದೆಂದು ಗೆಳೆಯರು ತಮ್ಮ ಹಳೆಯ ಸ್ಕೂಟರಿನ 6 ವೋಲ್ಟಿನ ಹೆಡ್‌ಲೈಟ್ ಬಲ್ಬನ್ನು ಕೆಂಪು ಮತ್ತು ಕಪ್ಪು ತಂತಿಗಳ ನಡುವೆ ಕಟ್ಟಿದರು. ಮೊದಲು ಸೀರೀಸ್ ಬೋರ್ಡಿನ ಮೂಲಕ, ಶಾರ್ಟ್ ಇಲ್ಲವೆಂದು ತಿಳಿದ ಮೇಲೆ ನೇರವಾಗಿ ಕರೆಂಟು ಕೊಟ್ಟಾಗ ಮೀಟರಿನಲ್ಲಿ 5.06 ವೋಲ್ಟ್ ಬಂತು. ನೇರಳೆ ತಂತಿಯಲ್ಲಿ −5ಕ್ಕೆ ತೀರ ಹತ್ತಿರದ ಅಂಕಿ. ಅರ್ಧ ಗಂಟೆ ಹಾಗೆಯೇ ಓಡಿಸಿ ಕಾವಲು ಕುಳಿತೆವು, ಅಂಕಿ ಕದಲಲಿಲ್ಲ. 4.75ರಿಂದ 5.25ರ ಒಳಗೆ ಇರಬೇಕೆಂದು ಪಾಠ ಹೇಳಿದವನೇ ನಾನು. ಆದರೂ ಆ ಅಂಕಿಯನ್ನು ಕಂಡಾಗ ಆದ ಸಮಾಧಾನವನ್ನು ಬರೆದು ತಿಳಿಸಲಾರೆ.

ಈಗ ಪರದೆಯ ಪ್ರಶ್ನೆ. ಮೊದಲು ಬಳಸುತ್ತಿದ್ದ ಮಾನಿಟರ್ ಈಗ ಇಲ್ಲ. ಮನೆಯಲ್ಲಿರುವುದು ಗೋಡೆಗೆ ತೂಗುಹಾಕಿದ ಎಲ್‌ಇಡಿ ಟಿವಿ.

ಹಾವೇರಿ ಅಕ್ಕೋರು

ಮಾಸ್ತರರೇ, ನಾನು ಕಂಪ್ಯೂಟರ್ ವಿಜ್ಞಾನ ಕಲಿಸುವವಳು. ನನ್ನಲ್ಲಿಯೂ ಇಂಥದೇ ಯಂತ್ರವಿದೆ. ಹಿಂಭಾಗದಲ್ಲಿ ‘ವಿಡಿಯೋ ಔಟ್’ ಎಂಬ ದುಂಡನೆಯ ಬಿಎನ್‌ಸಿ ಕಿಂಡಿ ಇದೆಯಲ್ಲ, ಸಿಸಿಟಿವಿ ಕ್ಯಾಮೆರಾಗಳಿಗೆ ಬಳಸುವುದೂ ಅದನ್ನೇ. ಸಿಸಿಟಿವಿ ಕೂರಿಸುವ ಯಾವುದೇ ಅಂಗಡಿಯಲ್ಲಿ ಬಿಎನ್‌ಸಿಯಿಂದ ಆರ್‌ಸಿಎಗೆ ಬದಲಿಸುವ ಸಣ್ಣ ಕನೆಕ್ಟರ್ ಸಿಗುತ್ತದೆ. ಅದನ್ನು ಟಿವಿಯ ಎವಿ ಕಿಂಡಿಯ ಹಳದಿ ತೂತಿಗೆ ಜೋಡಿಸಿ. ಚಿತ್ರ ಕಪ್ಪುಬಿಳುಪಿನಲ್ಲಿ ಬರುತ್ತದೆ. ಅದು ದೋಷವಲ್ಲ, ಆ ಕಿಂಡಿಯಲ್ಲಿ ಬಣ್ಣ ಬೇಕೆಂದರೆ ಬೋರ್ಡಿನ ಮೇಲೆ ಒಂದು ಲಿಂಕನ್ನು ಜೋಡಿಸಬೇಕಾಗುತ್ತದೆ. ಮೊದಲ ದಿನಕ್ಕೆ ಕಪ್ಪುಬಿಳುಪು ಸಾಕು.

ಚಾಲು ಮಾಡುವಾಗ ಕಣ್ಣಿಗಿಂತ ಮೊದಲು ಕಿವಿಯನ್ನು ಇಟ್ಟುಕೊಳ್ಳಿ. ಆರೋಗ್ಯವಂತ ಯಂತ್ರ ಮೊದಲು ತಗ್ಗಿನ ಸ್ವರವೊಂದನ್ನು, ಅದರ ಬೆನ್ನಿಗೇ ಎತ್ತರದ ಚಿಕ್ಕ ಸ್ವರವೊಂದನ್ನು ನುಡಿಯುತ್ತದೆ. ತಗ್ಗಿನ ಸ್ವರ ನಿಲ್ಲದೆ ಎಳೆಯುತ್ತಲೇ ಇದ್ದರೆ, ಧ್ವನಿಯ ಐಸಿಗೆ ಕರೆಂಟು ತಲುಪಿದೆ, ಆದರೆ ಪ್ರೊಸೆಸರ್ ತನ್ನ ಮೊದಲ ಆದೇಶಗಳನ್ನು ಓದಲಾಗದೆ ನಿಂತಿದೆ ಎಂದರ್ಥ. ಆಗ ಗಾಬರಿಯಾಗದೆ ಸ್ವಿಚ್ ಆರಿಸಿ ಇಲ್ಲಿ ಬರೆಯಿರಿ.

ಮಾಳಮಡ್ಡಿ ಮಾಸ್ತರ, ಧಾರವಾಡ

ಅಕ್ಕೋರು ಹೇಳಿದ ಎರಡನೆಯ ಸಂಗತಿಯೇ ಘಟಿಸಿತು. ಇಂದು ಮುಂಜಾನೆ ತಂತಿಗಳನ್ನೆಲ್ಲ ಫೋಟೋ ನೋಡಿ ಜೋಡಿಸಿ ಸ್ವಿಚ್ ಒತ್ತಿದೆ. ತಗ್ಗಿನ ಸ್ವರ ಬಂತು, ನಿಲ್ಲಲಿಲ್ಲ. ಪರದೆ ಖಾಲಿ. ಐದು ಸೆಕೆಂಡಿನೊಳಗೆ ಆರಿಸಿದೆ. ಹೊಗೆಯಿಲ್ಲ, ವಾಸನೆಯಿಲ್ಲ.

ಬೆಸುಗೆ ಕಡ್ಡಿ, ಹುಬ್ಬಳ್ಳಿ

ಬೇಸರ ಬೇಡ, ಮಾಸ್ತರರೇ. ಇಷ್ಟು ವರ್ಷ ಸುಮ್ಮನಿದ್ದ ಯಂತ್ರದಲ್ಲಿ ಐಸಿ ಸತ್ತಿರುವ ಸಂಭವಕ್ಕಿಂತ ಐಸಿಯ ಕಾಲಿಗೂ ಸಾಕೆಟ್ಟಿಗೂ ನಡುವೆ ಮಸಿ ಕಟ್ಟಿರುವ ಸಂಭವವೇ ಹೆಚ್ಚು. ಬೋರ್ಡಿನ ಮುಂಭಾಗದಲ್ಲಿ, ಬಲಗಡೆ, ಐದು ದೊಡ್ಡ ಸಾಕೆಟ್ಟುಗಳು ಒಂದೇ ಸಾಲಿನಲ್ಲಿವೆ. ಎಡತುದಿಯ ಐಸಿ51 ಆಪರೇಟಿಂಗ್ ಸಿಸ್ಟಮ್ಮಿನ ರೋಮ್ (ROM), ಅಂದರೆ ಓದಲು ಮಾತ್ರ ಬರುವ ಸ್ಮೃತಿ. ಅದರ ಪಕ್ಕದಲ್ಲಿ ಐಸಿ52. ಬೇಸಿಕ್ ಸಾಮಾನ್ಯವಾಗಿ ಅದರಲ್ಲಿರುತ್ತದೆ. ಕರೆಂಟು ತೆಗೆದು, ಅರ್ಥಿಂಗ್ ಇರುವ ಲೋಹವನ್ನೊಮ್ಮೆ ಮುಟ್ಟಿ ಮೈಯ ಸ್ಥಿರವಿದ್ಯುತ್ತನ್ನು ಕಳೆದುಕೊಂಡು, ಸಾಕೆಟ್ಟಿನಲ್ಲಿರುವ ಐಸಿಗಳನ್ನು ಒಂದೊಂದಾಗಿ ಹೆಬ್ಬೆರಳಿನಿಂದ ಸಮನಾಗಿ ಅದುಮಿ. ವರ್ಷಗಟ್ಟಲೆ ಬಿಸಿಲು, ಚಳಿ ಕಂಡ ಐಸಿಗಳು ಸಾಕೆಟ್ಟಿನಿಂದ ಕೂದಲಿನಷ್ಟು ಮೇಲೆದ್ದಿರುತ್ತವೆ. ಅದುಮಿದಾಗ ‘ಕಟ್’ ಎಂಬ ಸದ್ದು ಬಂದರೆ ಅದೇ ಅಪರಾಧಿ.

ಮಾಳಮಡ್ಡಿ ಮಾಸ್ತರ, ಧಾರವಾಡ

ಐಸಿ51ನ್ನು ಅದುಮಿದಾಗ ಆ ಸದ್ದು ಸ್ಪಷ್ಟವಾಗಿ ಕೇಳಿಸಿತು. ಮತ್ತೆ ಚಾಲು ಮಾಡಿದೆ. ಎರಡು ಸ್ವರಗಳೂ ಬಂದವು! ಪರದೆಯ ಮೇಲೆ ‘ಬಿಬಿಸಿ ಕಂಪ್ಯೂಟರ್ 32ಕೆ’ ಎಂಬ ಸಾಲು ಮೂಡಿತು. ಅದರ ಕೆಳಗೆ ಮಾತ್ರ ‘ಬೇಸಿಕ್’ ಎಂಬ ಮಾತಿನ ಬದಲು ‘ಲ್ಯಾಂಗ್ವೇಜ್?’ ಎಂಬ ಪ್ರಶ್ನೆ. ಯಾವ ಕೀಲಿ ಒತ್ತಿದರೂ ಮುಂದೆ ಹೋಗುವುದಿಲ್ಲ.

ಹಾವೇರಿ ಅಕ್ಕೋರು

ಇದು ಬಹಳ ಒಳ್ಳೆಯ ಸುದ್ದಿ, ಮಾಸ್ತರರೇ. ಆ ಒಂದು ಪರದೆ ನಿಮಗೆ ಎಷ್ಟೊಂದು ಹೇಳುತ್ತಿದೆ ನೋಡಿ. 6502 ಪ್ರೊಸೆಸರ್ ಓಡುತ್ತಿದೆ. ಅಕ್ಷರ ಬರೆಯುವ ಟೆಲಿಟೆಕ್ಸ್ಟ್ ಐಸಿ ಕೆಲಸ ಮಾಡುತ್ತಿದೆ. 32ಕೆ ಎಂದು ತೋರಿಸಿದ್ದರಿಂದ ಮೆಮೊರಿಯ ಎರಡೂ ಅರ್ಧಗಳು ಕಂಡಿವೆ. ಮೇಲಿನ ಅರ್ಧ ಕೆಟ್ಟಿದ್ದರೆ 16ಕೆ ಎಂದು ತೋರಿಸುವ ಸಾಧ್ಯತೆಯಿತ್ತು. ಯಂತ್ರ ಈಗ ಕೇಳುತ್ತಿರುವುದು ಒಂದೇ: ನಾನು ಎಚ್ಚರವಾಗಿದ್ದೇನೆ, ಆದರೆ ಯಾವ ಭಾಷೆಯಲ್ಲಿ ಮಾತಾಡಲಿ? ಬೇಸಿಕ್ ಇರುವ ಐಸಿ52 ಅದಕ್ಕೆ ಸಿಗುತ್ತಿಲ್ಲ. ಅದನ್ನು ಅದುಮಿದರೆ ಸಾಲದು, ಹೊರತೆಗೆದು ನೋಡಿ. ಚಪ್ಪಟೆ ಸ್ಕ್ರೂಡ್ರೈವರನ್ನು ಎರಡೂ ತುದಿಗಳಿಂದ ಸ್ವಲ್ಪಸ್ವಲ್ಪವೇ ತೂರಿಸಿ ಮೇಲೆತ್ತಬೇಕು. ಒಂದೇ ಕಡೆಯಿಂದ ಎಬ್ಬಿಸಿದರೆ ಕಾಲುಗಳು ಬಾಗುತ್ತವೆ. ಒಂದು ತುದಿಯ ಅರ್ಧಚಂದ್ರದ ಗುರುತು ಯಾವ ಕಡೆ ಇತ್ತೆಂದು ಬರೆದಿಟ್ಟುಕೊಳ್ಳಿ.

ಮಾಳಮಡ್ಡಿ ಮಾಸ್ತರ, ಧಾರವಾಡ

ಹೊರತೆಗೆದೆ. 28 ಕಾಲುಗಳಲ್ಲಿ ಬಹುಪಾಲು ಕಪ್ಪಾಗಿದ್ದವು. ಮೊಮ್ಮಗನ ಪೆನ್ಸಿಲ್ ರಬ್ಬರಿನಿಂದ ಒಂದೊಂದು ಕಾಲನ್ನೂ ಮೆಲ್ಲಗೆ ಉಜ್ಜಿ, ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಹತ್ತಿಯಿಂದ ಒರೆಸಿ, ಚೆನ್ನಾಗಿ ಆರಿದ ಮೇಲೆ ಕೂರಿಸಿದೆ. ಕೆಲಸ ಮುಗಿಯುವಾಗ ಸಂಜೆ ಏಳು ಗಂಟೆ. ಸ್ವಿಚ್ ಒತ್ತುವುದನ್ನು ಮೊಮ್ಮಗನಿಗೇ ಬಿಟ್ಟೆ.

ಎರಡು ಸ್ವರಗಳು ಬಂದವು. ‘ಬಿಬಿಸಿ ಕಂಪ್ಯೂಟರ್ 32ಕೆ’. ಅದರ ಕೆಳಗೆ ‘ಬೇಸಿಕ್’. ಅದರ ಕೆಳಗೆ ಬಾಣದ ಮೊನೆಯಂಥ ಚಿಹ್ನೆ, ಪಕ್ಕದಲ್ಲಿ ಮಿಣುಕುವ ಗೆರೆ.

ಕಾರ್ಯಕ್ರಮಕ್ಕೆ ಸಿಗುವ ಮೆಮೊರಿಯ ಮೇಲಿನ ಗಡಿ ಎಷ್ಟೆಂದು ಕೇಳುವ ‘ಪ್ರಿಂಟ್ ಹಿಮೆಮ್’ ಆದೇಶವನ್ನು ಮೊದಲು ಟೈಪ್ ಮಾಡಿದೆ. 31744 ಎಂದು ಉತ್ತರ ಬಂತು. ಒಟ್ಟು 32768 ಬೈಟುಗಳಲ್ಲಿ 1024 ಬೈಟುಗಳನ್ನು ಪರದೆ ತೆಗೆದುಕೊಂಡು ಉಳಿದದ್ದು ಇಷ್ಟು ಎಂದು ಕಪ್ಪುಹಲಗೆಯ ಮೇಲೆ ಕಳೆದು ತೋರಿಸುತ್ತಿದ್ದ ಅದೇ ಲೆಕ್ಕ. ಚಿತ್ರ ಹೆಚ್ಚು ಸೂಕ್ಷ್ಮವಾಗಿ ಮೂಡುವ ಪರದೆಯ ಬಗೆಯಾದ ಮೋಡ್ 0ಕ್ಕೆ ಹೋಗಿ ಕೇಳಿದರೆ 12288. ಚಿತ್ರ ಸೂಕ್ಷ್ಮವಾದಷ್ಟೂ ಕಾರ್ಯಕ್ರಮ ಬರೆಯುವ ಜಾಗ ಕಿರಿದಾಗುತ್ತದೆ ಎಂಬ ಪಾಠಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಇಂದಿಗೂ ಸಿಕ್ಕಿಲ್ಲ.

ಸಪ್ತಾಪುರದ ಹಳೆಯ ವಿದ್ಯಾರ್ಥಿ

ಸರ್, ನಮಸ್ಕಾರ. ನಿಮ್ಮ ಬರಹದಿಂದಲೇ ಗುರುತು ಹಿಡಿದೆ, ನಾನು ನಿಮ್ಮ ಕೈಯಲ್ಲಿ ಕಲಿತವನು. ಈ ಯಂತ್ರದಲ್ಲಿ ಕನ್ನಡ ಅಕ್ಷರ ಮೂಡಿಸಲು ನೀವು ನಮಗೆ ಚೌಕುಳಿ ಕಾಗದದ ಮೇಲೆ ಎಂಟೆಂಟು ಮನೆಗಳನ್ನು ಎಳೆಸಿದ್ದು ನೆನಪಿದೆ. ಪ್ರತಿ ಸಾಲಿನ ತುಂಬಿದ ಮನೆಗಳಿಗೆ ಎಡದಿಂದ 128, 64, 32, 16, 8, 4, 2, 1 ಎಂದು ಬೆಲೆ ಕಟ್ಟಿ ಕೂಡಿಸಬೇಕಿತ್ತು. ಆ ಆದೇಶವನ್ನು ಒಮ್ಮೆ ಇಲ್ಲಿ ಬರೆಯುವಿರಾ? ನನ್ನ ಮಗಳು ದ್ವಿಮಾನ ಪದ್ಧತಿ ಕಲಿಯುತ್ತಿದ್ದಾಳೆ.

ಮಾಳಮಡ್ಡಿ ಮಾಸ್ತರ, ಧಾರವಾಡ

ನೆನಪಿಟ್ಟುಕೊಂಡಿರುವೆಯಲ್ಲ ತಮ್ಮಾ, ಬಹಳ ಸಂತೋಷವಾಯಿತು. ಎಲ್ಲಕ್ಕಿಂತ ಸುಲಭವಾದ ಅನುಸ್ವಾರದಿಂದ ಆರಂಭಿಸಲಿ. ಮೋಡ್ 4ಕ್ಕೆ ಹೋಗಬೇಕು, ಏಕೆಂದರೆ ಚಾಲು ಮಾಡಿದಾಗ ಬರುವ ಮೋಡ್ 7ರಲ್ಲಿ ಅಕ್ಷರಗಳನ್ನು ನಾವು ರೂಪಿಸುವಂತಿಲ್ಲ. ಆಮೇಲೆ ‘ವಿಡಿಯು 23,224,60,66,129,129,129,129,66,60’ ಎಂದು ಟೈಪ್ ಮಾಡಿ, ಮುಂದಿನ ಸಾಲಿನಲ್ಲಿ ‘ವಿಡಿಯು 224’ ಎಂದರೆ ಪರದೆಯ ಮೇಲೆ ಸೊನ್ನೆ ಮೂಡುತ್ತದೆ. 60 ಎಂದರೆ ನಡುವಿನ ನಾಲ್ಕು ಮನೆ, 66 ಎಂದರೆ ಎರಡು ಕಡೆ ಒಂದೊಂದು ಮನೆ ಒಳಗೆ, 129 ಎಂದರೆ ಎರಡೂ ಅಂಚು. ಇಂದು ಇದನ್ನೇ ಟೈಪ್ ಮಾಡಿ ನೋಡಿದೆ, ಸರಿಯಾಗಿ ಬಂತು.

ಒತ್ತಕ್ಷರ ಬಂದಾಗ ಎಂಟು ಸಾಲು ಸಾಲುತ್ತಿರಲಿಲ್ಲ. ‘ಕ್ಕ’ ಬರೆಯಲು ಎಂಟೆಂಟು ಮನೆಗಳ ಎರಡು ಚೌಕಗಳನ್ನು ಒಂದರ ಕೆಳಗೊಂದು ಇಟ್ಟು, 224ರಂಥ ಎರಡು ಸಂಖ್ಯೆಗಳನ್ನು ಬಳಸಬೇಕಾಗುತ್ತಿತ್ತು. ಇಂಗ್ಲಿಷಿಗಾಗಿ ಕಟ್ಟಿದ ಯಂತ್ರದೊಳಗೆ ನಮ್ಮ ಅಕ್ಷರ ಹಿಡಿಸಲು ಎಷ್ಟು ಜಾಗ ಬೇಕೆಂಬುದು ಮಕ್ಕಳಿಗೆ ಅಲ್ಲಿ ಕೈಯಾರೆ ತಿಳಿಯುತ್ತಿತ್ತು.

ವಾಲ್ವ್ ರೇಡಿಯೋ, ಗದಗ

ಕ್ಯಾಸೆಟ್ಟಿನಲ್ಲಿ ಉಳಿಸಿಟ್ಟ ಕಾರ್ಯಕ್ರಮಗಳು ಇನ್ನೂ ಇವೆಯೇ? ಟೇಪ್ ರೆಕಾರ್ಡರಿನ ಬೆಲ್ಟ್ ಬೇಕಾದರೆ ನನ್ನಲ್ಲಿ ಕೆಲವಿವೆ.

ಹಾವೇರಿ ಅಕ್ಕೋರು

ಕ್ಯಾಸೆಟ್ಟನ್ನು ಒಮ್ಮೆ ಮೊಬೈಲಿಗೆ ಧ್ವನಿಯಾಗಿ ಇಳಿಸಿಕೊಂಡರೆ ಮೊಬೈಲಿನ ಇಯರ್‌ಫೋನ್ ಕಿಂಡಿಯಿಂದಲೇ ಯಂತ್ರಕ್ಕೆ ಉಣಿಸಬಹುದು. ಹಿಂಭಾಗದ ಏಳು ಪಿನ್ನಿನ ಡಿನ್ ಕಿಂಡಿಗೆ ತಕ್ಕ ತಂತಿ ಮಾಡಿಸಬೇಕಷ್ಟೆ. ಕಾರ್ಯಕ್ರಮವನ್ನು ಓದಿಕೊಂಡು ಓಡಿಸುವ ‘ಚೈನ್’ ಆದೇಶ ಕೊಟ್ಟು ಧ್ವನಿ ಹಚ್ಚಿದರೆ ಯಂತ್ರ ಸೆಕೆಂಡಿಗೆ 1200 ಬಿಟ್ ವೇಗದಲ್ಲಿ ಓದಿಕೊಳ್ಳುತ್ತದೆ. ಧ್ವನಿಯ ಮಟ್ಟ ಮುಕ್ಕಾಲರಷ್ಟಿರಲಿ; ಈಕ್ವಲೈಸರ್, ಬಾಸ್ ಮುಂತಾದವನ್ನು ಪೂರ್ತಿ ಆರಿಸಿ.

ಇಲ್ಲಿ ಒಂದು ಸಂಗತಿಯನ್ನು ಹೇಳಲೇಬೇಕೆನಿಸುತ್ತದೆ. ಈ ಯಂತ್ರದ ಬೇಸಿಕ್ ಬರೆದ ಸೋಫಿ ವಿಲ್ಸನ್ ಮತ್ತು ಅವರ ಸಹೋದ್ಯೋಗಿ ಸ್ಟೀವ್ ಫರ್ಬರ್ ಅವರೇ ಮುಂದೆ ಏಕಾರ್ನ್ ಕಂಪನಿಯಲ್ಲಿ ಆರ್ಮ್ ಪ್ರೊಸೆಸರನ್ನು ರೂಪಿಸಿದರು. 1985ರ ಏಪ್ರಿಲ್‌ನಲ್ಲಿ ಮೊದಲ ಆರ್ಮ್ ಚಿಪ್ಪು ಕೈಗೆ ಬಂದಾಗ ಅದನ್ನು ಓಡಿಸಿ ನೋಡಿದ್ದು ಬಿಬಿಸಿ ಮೈಕ್ರೋಗೆ ಜೋಡಿಸಿಯೇ. ನೀವು ಕ್ಯಾಸೆಟ್ಟಿನ ಬದಲಿಗೆ ಬಳಸಲಿರುವ ಮೊಬೈಲಿನೊಳಗೆ ಓಡುತ್ತಿರುವುದು ಬಹುಮಟ್ಟಿಗೆ ಅದೇ ವಂಶದ ಪ್ರೊಸೆಸರು.

ಮಾಳಮಡ್ಡಿ ಮಾಸ್ತರ, ಧಾರವಾಡ

ಮೂರು ಕ್ಯಾಸೆಟ್ಟುಗಳು ಸಿಕ್ಕಿವೆ. ಎರಡಕ್ಕೆ ಬೂಷ್ಟು ಹಿಡಿದಿದೆ, ಅವನ್ನು ಸದ್ಯ ತಿರುಗಿಸುವುದಿಲ್ಲ. ಮೂರನೆಯದು ಸ್ವಚ್ಛವಾಗಿದೆ, ಅದರ ಮೇಲೆ ‘ಅಕ್ಷರ, 9ನೆಯ ಇಯತ್ತೆ’ ಎಂದು ನನ್ನದೇ ಕೈಬರಹವಿದೆ. ಗದಗಿನ ಹಿರಿಯರು ಬೆಲ್ಟ್ ಕೊಡುವುದಾದರೆ ಬರುವ ರವಿವಾರ ನಾನೇ ಬಂದು ತೆಗೆದುಕೊಂಡು ಹೋಗುತ್ತೇನೆ. ಕೀಲಿಮಣೆಯಲ್ಲಿ 3ರ ಕೀಲಿಯೊಂದು ಮಾತ್ರ ಇನ್ನೂ ತಪ್ಪುತ್ತಿದೆ, ಒತ್ತಿದರೆ ಎರಡು ಸಲ ಬೀಳುತ್ತದೆ. ಅದನ್ನು ಬಿಚ್ಚದೆ ಸರಿಪಡಿಸುವ ದಾರಿಯಿದ್ದರೆ ತಿಳಿಸಬೇಕು.

ಬೆಸುಗೆ ಕಡ್ಡಿ, ಹುಬ್ಬಳ್ಳಿ

ಇದೆ. ಕರೆಂಟು ತೆಗೆದು ಆ ಕೀಲಿಯನ್ನು ನೂರು ಸಲ ವೇಗವಾಗಿ ಒತ್ತಿ ಬಿಡಿ. ಸಂಪರ್ಕದ ಮೇಲಿನ ಮಸಿ ಉಜ್ಜಿಹೋಗುತ್ತದೆ. ಅಷ್ಟಕ್ಕೂ ಬಗ್ಗದಿದ್ದರೆ ಕೀಲಿಯ ಟೊಪ್ಪಿಗೆ ತೆಗೆದು ಒಂದು ಹನಿ ಕಾಂಟ್ಯಾಕ್ಟ್ ಕ್ಲೀನರ್ ಬಿಟ್ಟು ಮತ್ತೆ ಒತ್ತಿ. ಎಣ್ಣೆಯನ್ನು ಮಾತ್ರ ಹಾಕಬೇಡಿ.